ಚೌಳು ಮಣ್ಣಲ್ಲಿ ಈರುಳ್ಳಿ: ಉಪ್ಪು ತಡೆಯುವ ತಳಿ ಅಂದರೆ ಏನು?

ಮೊದಲು ಒಂದು ಲೆಕ್ಕ. ಮಣ್ಣಿಗೆ ನೀರು ಕಲಸಿ ಕೆಸರು ಮಾಡಿ, ಅದರಿಂದ ತೆಗೆದ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ಅಳೆಯುತ್ತಾರೆ. ಇದೇ ಇಸಿ, ಅಂದರೆ ವಿದ್ಯುತ್ ವಾಹಕತೆ. ಉಪ್ಪು ಜಾಸ್ತಿ ಇದ್ದಷ್ಟೂ ಇಸಿ ಜಾಸ್ತಿ. ಇದು ಮೀಟರಿಗೆ 1.2 ಡೆಸಿಸೀಮನ್ಸ್ ದಾಟಿದರೆ ಸಾಕು, ಈರುಳ್ಳಿ ಇಳುವರಿ ಇಳಿಯಲು ಶುರು. ಅಲ್ಲಿಂದ ಮುಂದೆ ಇಸಿ ಒಂದೊಂದು ಏರಿದಾಗಲೂ ಸುಮಾರು ಶೇ. 16ರಷ್ಟು ನಷ್ಟ. ಬಾರ್ಲಿಯಾದರೆ 8ರವರೆಗೂ ತಡೆಯುತ್ತದೆ! ಮಣ್ಣನ್ನು ಲವಣ ಮಣ್ಣು ಎಂದು ಕರೆಯುವುದೇ ಇಸಿ 4 ದಾಟಿದ ಮೇಲೆ. ಲೆಕ್ಕ ಹಾಕಿ ನೋಡಿ, ಅಷ್ಟರಲ್ಲಿ ಈರುಳ್ಳಿಯ ಶೇ. 45ರಷ್ಟು ಇಳುವರಿ ಹೋಗಿರುತ್ತದೆ.

ಇಷ್ಟು ಬೇಗ ಸೋಲುವುದಕ್ಕೆ ಬೇರೂ ಒಂದು ಕಾರಣ. ಈರುಳ್ಳಿಯ ಬೇರು ಆಳಕ್ಕೆ ಹೋಗುವುದಿಲ್ಲ, ಕವಲೂ ಕಡಿಮೆ. ನೀರು ಆವಿಯಾದಾಗ ಉಪ್ಪು ಉಳಿದುಕೊಳ್ಳುವುದು ಆ ಮೇಲ್ಪದರದಲ್ಲೇ ಅಲ್ವಾ?

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಕೊಳ್ಳೋಣ. ಮಾತಿನಲ್ಲಿ ನಾವು ಎರಡು ಬೇರೆ ಬೇರೆ ಮಣ್ಣಿಗೂ 'ಚೌಳು' ಅನ್ನುತ್ತೇವೆ. ಲವಣ ಮಣ್ಣಿನಲ್ಲಿ ಕರಗಿದ ಉಪ್ಪು ಜಾಸ್ತಿ, ಪಿಎಚ್ (ಹುಳಿ-ಕ್ಷಾರದ ಅಳತೆ) 8.5ಕ್ಕಿಂತ ಕಡಿಮೆ. ಅಲ್ಲಿ ನೀರಿದ್ದರೂ ಗಿಡಕ್ಕೆ ಬಾಯಾರಿಕೆ, ಏಕೆಂದರೆ ಉಪ್ಪುನೀರನ್ನು ಬೇರು ಎಳೆದುಕೊಳ್ಳುವುದು ಕಷ್ಟ. ಕ್ಷಾರ ಮಣ್ಣಿನ ಕಥೆಯೇ ಬೇರೆ. ಅಲ್ಲಿ ಸೋಡಿಯಂ ಜೇಡಿಕಣಕ್ಕೆ ಅಂಟಿಕೊಂಡಿರುತ್ತದೆ, ಪಿಎಚ್ 8.5 ದಾಟಿರುತ್ತದೆ. ಒದ್ದೆಯಾದಾಗ ಜೇಡಿ ಚದುರಿ ರಂಧ್ರಗಳನ್ನು ಮುಚ್ಚುತ್ತದೆ. ನೀರು ಇಂಗದೆ ನಿಲ್ಲುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಒಣಗಿದರೆ ಮೇಲೆ ಗಟ್ಟಿ ಪದರ. ಸತು, ಕಬ್ಬಿಣ ಮಣ್ಣಲ್ಲಿದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಹಾಗಾಗಿ ಲವಣ ಮಣ್ಣಲ್ಲಿ ಗೆದ್ದ ತಳಿ ಕ್ಷಾರ ಮಣ್ಣಲ್ಲೂ ಗೆಲ್ಲುತ್ತದೆ ಎಂದು ಸುಮ್ನೆ ನಂಬಬೇಡಿ.

ಗಿಡದ ವಯಸ್ಸನ್ನೂ ನೋಡಬೇಕು. ಮೊಳಕೆಯೊಡೆಯುವಾಗ ಈರುಳ್ಳಿ ಉಪ್ಪನ್ನು ಸಾಕಷ್ಟು ತಡೆಯುತ್ತದೆ, ಸೋಲುವುದು ಎಳೆ ಸಸಿಯಾಗಿದ್ದಾಗ. ತಟ್ಟೆಯಲ್ಲಿ ಬೀಜ ಮೊಳೆಸಿ ತಳಿಗಳಿಗೆ ಅಂಕ ಕೊಟ್ಟರೆ ಹೊಲದಲ್ಲಿ ಅದು ತಲೆಕೆಳಗಾಗಬಹುದು. ಒಳ್ಳೆಯ ಮಣ್ಣಲ್ಲಿ ಸಸಿ ಬೆಳೆಸಿ ನಾಟಿ ಮಾಡಿದರೆ ಈ ನಾಜೂಕಿನ ಹಂತ ಅಷ್ಟರಮಟ್ಟಿಗೆ ದಾಟಿದಂತೆ.

ತಡೆಯುವ ತಳಿ ಗಿಡದೊಳಗೆ ಮಾಡುವ ಮುಖ್ಯ ಕೆಲಸ, ಸೋಡಿಯಂ ಎಲೆಗೆ ಏರದಂತೆ ತಡೆದು ಪೊಟ್ಯಾಸಿಯಂ ಉಳಿಸಿಕೊಳ್ಳುವುದು. ಅದಕ್ಕೇ ತಳಿ ಹೋಲಿಸುವಾಗ ಎಲೆಯಲ್ಲಿ ಇವೆರಡರ ಅನುಪಾತ ಅಳೆಯುತ್ತಾರೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇಳುವರಿ ಹೋಲಿಸುವ ರೀತಿ. ಉದಾಹರಣೆಗೆ, ಒಂದು ತಳಿ ಒಳ್ಳೆಯ ಮಣ್ಣಲ್ಲಿ ಹೆಕ್ಟೇರಿಗೆ 40 ಟನ್, ಉಪ್ಪಿನಲ್ಲಿ 20 ಟನ್ ಕೊಟ್ಟಿತು ಅಂದುಕೊಳ್ಳಿ. ಇನ್ನೊಂದು 20 ಮತ್ತು 16. ಶೇಕಡಾವಾರು ನೋಡಿದರೆ ಎರಡನೆಯದೇ ಗಟ್ಟಿ: 50ರ ಎದುರು 80. ಆದರೆ ಅದೇ ಉಪ್ಪು ನೆಲದಲ್ಲಿ ಗಡ್ಡೆ ಜಾಸ್ತಿ ಸಿಗುವುದು ಮೊದಲನೆಯದರಿಂದ! ಹಾಗೆಂದು ಎರಡನೆಯದನ್ನು ಬಿಸಾಡುವಂತಿಲ್ಲ. ಉಪ್ಪು ಇನ್ನೂ ಏರಿದರೆ ಅದು ಮೊದಲನೆಯದನ್ನು ಹಿಂದೆ ಹಾಕಬಹುದು. ತಳಿ ಅಭಿವೃದ್ಧಿ ಮಾಡುವವರು ಅದರ ತಡೆಯುವ ಗುಣವನ್ನು ಮೊದಲನೆಯದರ ಇಳುವರಿಯ ಜೊತೆ ಸೇರಿಸಲು ಎರಡನ್ನೂ ಸಂಕರ ಮಾಡುತ್ತಾರೆ.