ಬಣ್ಣ ಕೆರೆಯದೆ ಸೇತುವೆಯ ಬಿರುಕು ಪತ್ತೆಯಾಗುತ್ತದೆಯೇ?

ಪ್ರಶ್ನೆ: ಉಕ್ಕಿನ ಸೇತುವೆಯ ಬಣ್ಣ ತೆಗೆಯದೆ, ಕೈಯಲ್ಲಿ ಹಿಡಿಯುವ ಉಪಕರಣದಿಂದ ಬಿರುಕು ಹುಡುಕಬಹುದೇ? ಬಣ್ಣವೇ ಬಿರಿಯದಿದ್ದರೆ ಹುಡುಕುವ ಅಗತ್ಯವಾದರೂ ಏನು?

ಉತ್ತರ: ಹುಡುಕಬಹುದು. ಎಡ್ಡಿ ಕರೆಂಟ್ ಉಪಕರಣ ಲೋಹದಲ್ಲಿ ಸಣ್ಣ ಸುಳಿ ವಿದ್ಯುತ್ ಪ್ರವಾಹ ಹುಟ್ಟಿಸುತ್ತದೆ, ಬಿರುಕು ಅದಕ್ಕೆ ಅಡ್ಡಬರುತ್ತದೆ. ಉಪಕರಣದ ಪ್ರೋಬನ್ನು (ತಾಗಿಸುವ ತುದಿಯನ್ನು) ಬಣ್ಣದ ಮೇಲೆಯೇ ಬೆಸುಗೆಯ ಅಂಚಿನುದ್ದಕ್ಕೂ ಸರಿಸಿದರೆ, ಬಿರುಕು ಇದ್ದಲ್ಲಿ ಪರದೆಯ ಮೇಲಿನ ಸಂಕೇತ ಬದಲಾಗುತ್ತದೆ. ಮೊದಲ ಪ್ರಶ್ನೆಗೆ ಇಷ್ಟು ಸಾಕು.

ಎರಡನೆಯದನ್ನು ಹಾಗೆ ಬಿಡಲಾರೆ. ಬಣ್ಣ ಸರಿಯಿದ್ದರೆ ಉಕ್ಕೂ ಸರಿಯಿದೆ ಎಂಬ ನಂಬಿಕೆ, ಎಷ್ಟು ಸಲ ಉತ್ತರಿಸಿದರೂ ಹೊಸ ಪ್ರಶ್ನೆಯಾಗಿ ಮರಳಿ ಬರುತ್ತದೆ. ದಯವಿಟ್ಟು ಗಮನವಿಟ್ಟು ಓದಿ. ಲೋಹದ ದಣಿವಿನಿಂದ, ಅಂದರೆ ಭಾರ ಮತ್ತೆ ಮತ್ತೆ ಬಿದ್ದು ಲೋಹ ಸೋಲುವುದರಿಂದ, ಹುಟ್ಟುವ ಬಿರುಕು ಆರಂಭದಲ್ಲಿ ಕೂದಲೆಳೆಗಿಂತ ಸಪೂರ. ಭಾರದ ವಾಹನ ಹಾದಾಗ ತುಸು ಬಾಯಿ ತೆರೆಯುತ್ತದೆ, ದಾಟಿದೊಡನೆ ಮುಚ್ಚಿಕೊಳ್ಳುತ್ತದೆ. ಅಷ್ಟು ಎಳೆತವನ್ನು ಬಣ್ಣದ ಪದರ ಹಿಗ್ಗಿ ತಾಳಿಕೊಳ್ಳಬಲ್ಲದು. ಅದು ಸೀಳಿ, ನೀರಿಳಿದು, ತುಕ್ಕಿನ ಗೆರೆ ಹೊರಬೀಳುವ ಹೊತ್ತಿಗೆ ಬಿರುಕು ಸಾಕಷ್ಟು ಬೆಳೆದಿರುತ್ತದೆ. ಆ ಗೆರೆಯ ಮೇಲೆ ಹೊಸ ಬಣ್ಣ ಬಳಿದರಂತೂ ಸಿಕ್ಕಿದ್ದ ಒಂದೇ ಸುಳಿವೂ ಹೋಯಿತು. ಇನ್ನೊಂದೆಡೆ, ಬಣ್ಣ ಬಿರಿದಲ್ಲೆಲ್ಲ ಉಕ್ಕು ಬಿರಿದಿರುವುದೂ ಇಲ್ಲ. ಬಣ್ಣ ಎರಡೂ ಕಡೆ ಸುಳ್ಳು ಹೇಳಬಲ್ಲದು.

1967ರ ಡಿಸೆಂಬರ್ 15ರಂದು ಅಮೆರಿಕದ ಓಹಾಯೊ ನದಿಯ ಮೇಲಿನ ಸಿಲ್ವರ್ ಬ್ರಿಜ್ ಕುಸಿದು 46 ಜನ ಸತ್ತರು. ತೂಗುಸರಪಳಿಯ ಒಂದು ಉಕ್ಕಿನ ಪಟ್ಟಿಯಲ್ಲಿ, ಪಿನ್ ಕೂರುವ ತೂತಿನ ಅಂಚಿನಲ್ಲಿ, ಸುಮಾರು 2.5 ಮಿಲಿಮೀಟರ್ ಆಳದ ಬಿರುಕು ಇತ್ತು. ಜೋಡಣೆ ಬಿಚ್ಚದ ಹೊರತು ಅದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಹೊರಗಿನ ಬಣ್ಣವನ್ನು ಎಷ್ಟು ಹೊತ್ತು ನೋಡಿದ್ದರೂ ಏನೂ ತಿಳಿಯುತ್ತಿರಲಿಲ್ಲ.

ಎಡ್ಡಿ ಕರೆಂಟ್ ಅನುಮಾನ ತೋರಿಸಿದಲ್ಲಿ ಮಾತ್ರ ಬಣ್ಣ ತೆಗೆದು ಕಾಂತೀಯ ಕಣ ಪರೀಕ್ಷೆ ಮಾಡಿದರಾಯಿತು. ಇದರಲ್ಲಿ ಉಕ್ಕನ್ನು ಕಾಂತೀಕರಿಸಿ ಕಬ್ಬಿಣದ ಸಣ್ಣ ಕಣಗಳನ್ನು ಹರಡುತ್ತಾರೆ, ಅವು ಬಿರುಕಿನ ಮೇಲೆ ಸಾಲುಗಟ್ಟುತ್ತವೆ. ಆ ಪರೀಕ್ಷೆ ಸುಮಾರು 50 ಮೈಕ್ರಾನ್ (0.05 ಮಿಲಿಮೀಟರ್) ದಪ್ಪದ ಬಣ್ಣವನ್ನಷ್ಟೇ ಸಹಿಸುತ್ತದೆ. ಸೇತುವೆಯ ಬಣ್ಣ ಸಾಮಾನ್ಯವಾಗಿ ಅದರ ಹಲವು ಪಟ್ಟು. ಯೋಕನ್ನು (ಉಕ್ಕನ್ನು ಕಾಂತೀಕರಿಸುವ ಎರಡು ಕಾಲಿನ ಕಾಂತವನ್ನು) ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಇಟ್ಟು ನೋಡಲೇಬೇಕು, ಏಕೆಂದರೆ ಕಾಂತಕ್ಷೇತ್ರದ ದಿಕ್ಕಿನಲ್ಲೇ ಸಾಗುವ ಬಿರುಕು ಕಣಗಳನ್ನು ಸೆಳೆಯುವುದಿಲ್ಲ. ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿದು ಅದನ್ನು ಎತ್ತಿ ತೋರಿಸುವ ರಂಗಿನ ದ್ರವ) ಬಳಸುವವರು ಬಣ್ಣವನ್ನು ಗ್ರೈಂಡರ್‌ನಿಂದ ಉಜ್ಜಿ ತೆಗೆಯಬಾರದು. ಉಜ್ಜಿದ ಲೋಹ ಬಿರುಕಿನ ಬಾಯಿಗೆ ಮೆತ್ತಿಕೊಂಡರೆ ದ್ರವ ಒಳಗೆ ಇಳಿಯುವುದೇ ಇಲ್ಲ.

ಇನ್ನೊಂದು ವಿಷಯ, ಇದನ್ನು ಯಾರೂ ಕೇಳಿಲ್ಲ, ಆದರೆ ಕೇಳಬೇಕಿತ್ತು. ಬಿರುಕು ಸಿಕ್ಕ ಮೇಲೆ ಎಂಜಿನಿಯರುಗಳು ಅದರ ತುದಿಯಲ್ಲಿ ತೂತು ಕೊರೆಯುತ್ತಾರೆ. ಮೊದಲೇ ಬಿರಿದ ತೊಲೆಗೆ ತೂತು ಏಕೆ? ಬಿರುಕಿನ ಚೂಪು ತುದಿಯಲ್ಲಿ ಒತ್ತಡ ವಿಪರೀತವಾಗಿ ಕೇಂದ್ರೀಕರಿಸುತ್ತದೆ. ದುಂಡು ಅಂಚು ಅದನ್ನು ಹಂಚಿ ತಗ್ಗಿಸುತ್ತದೆ, ಬಿರುಕು ಮುಂದುವರಿಯುವುದು ನಿಲ್ಲುತ್ತದೆ ಅಥವಾ ತಡವಾಗುತ್ತದೆ. ಆದರೆ ನಿಜವಾದ ತುದಿ ತೂತಿನಾಚೆ ಉಳಿದುಬಿಟ್ಟರೆ ಕೊರೆದದ್ದು ವ್ಯರ್ಥ. ಆದ್ದರಿಂದ ಕೊರೆದಾದ ಮೇಲೆ ತೂತಿನ ಒಳಗೋಡೆಗೆ ಮತ್ತೊಮ್ಮೆ ಡೈ ಪೆನೆಟ್ರಂಟ್ ಹಚ್ಚಿ, ಬಿರುಕು ಆಚೆ ಬದಿಯಲ್ಲಿ ಮುಂದುವರಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.