ಕ್ಯಾಂಪಸ್ಸಿನ ದುರಸ್ತಿ ಮೇಜು ಎಲ್ಲಿ ಮುಗ್ಗರಿಸುತ್ತದೆ

ವಿಶ್ವವಿದ್ಯಾಲಯಗಳಲ್ಲಿ ಕಸ ತಗ್ಗಿಸುವ ಯೋಜನೆಗಳು ಬಹುಪಾಲು ಪೋಸ್ಟರ್ ಅಂಟಿಸುವುದರಿಂದ ಶುರುವಾಗಿ ಅಲ್ಲಿಗೇ ಮುಗಿಯುತ್ತವೆ. ವಿದ್ಯಾರ್ಥಿಗಳಿಗೆ ಅರಿವಿಲ್ಲ ಅನ್ನುವುದು ಅವುಗಳ ಹಿಂದಿನ ಊಹೆ. ಅರಿವು ಬೇಕಾದಷ್ಟಿದೆ, ಬಿಡಿಭಾಗ ಇಲ್ಲ. ಕಚೇರಿಯ ತಿರುಗುಕುರ್ಚಿಯ ಒಂದು ಚಕ್ರ ಮುರಿದರೆ ಇಡೀ ಕುರ್ಚಿ ವರಾಂಡಕ್ಕೆ ಬರುತ್ತದೆ, ಅಲ್ಲಿಂದ ಗುಜರಿಗೆ. ಇಂಥ ಹೆಚ್ಚಿನ ಕುರ್ಚಿಗಳ ಚಕ್ರದ ಕಡ್ಡಿ 11 ಮಿ.ಮೀ. ದಪ್ಪದ್ದು. ಹಳೆಯದನ್ನು ಎಳೆದು ಕಿತ್ತು ಹೊಸದನ್ನು ಒತ್ತಿದರೆ ಮುಗಿಯಿತು, ಸ್ಕ್ರೂ ಕೂಡ ಬೇಡ. ಕೆಟ್ಟ ವಸ್ತುಗಳನ್ನು ಸರಿಮಾಡಲು ಕ್ಯಾಂಪಸ್ಸಿನಲ್ಲಿ ಇಡುವ ದುರಸ್ತಿ ಮೇಜಿನಲ್ಲಿ ಅಂಥ ಚಕ್ರಗಳ ಒಂದು ಡಬ್ಬಿ ಕೈಗೆಟುಕುವಲ್ಲಿ ಇದೆಯೇ ಅನ್ನುವುದೇ ಪ್ರಶ್ನೆ.

2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪತ್ರಕರ್ತೆ ಮಾರ್ಟಿನ್ ಪೋಸ್ಟ್‌ಮಾ ಶುರುಮಾಡಿದ ರಿಪೇರಿ ಕೆಫೆಯಲ್ಲಿ ವಸ್ತು ತಂದವರೂ ರಿಪೇರಿ ಮಾಡುವವರ ಪಕ್ಕದಲ್ಲೇ ಕೂರುತ್ತಾರೆ. ಕ್ಯಾಂಪಸ್ಸಿಗೆ ಈ ಪದ್ಧತಿ ಕಡ್ಡಾಯವಾಗಬೇಕು. ಇಟ್ಟು ಹೋಗಿ ಎಂದರೆ ಎಷ್ಟೋ ವಸ್ತುಗಳನ್ನು ಯಾರೂ ವಾಪಸ್ ಒಯ್ಯುವುದಿಲ್ಲ, ಸೆಮಿಸ್ಟರ್ ಮುಗಿಯುವುದರೊಳಗೆ ದುರಸ್ತಿ ಕೋಣೆ ಉಗ್ರಾಣವಾಗುತ್ತದೆ.

ಯಾವ ಬಿಡಿಭಾಗ ತರಿಸಬೇಕೆಂದು ತಿಳಿಯಲು ಕಸವನ್ನೇ ನೋಡಬೇಕು. ಒಂದು ಹಾಸ್ಟೆಲ್ ಬ್ಲಾಕಿನ ಒಂದು ದಿನದ ಕಸವನ್ನು ಟಾರ್ಪಾಲಿನ ಮೇಲೆ ಸುರಿದು, ದಪ್ಪ ಕೈಗವಸು ಹಾಕಿಕೊಂಡು ವಿಂಗಡಿಸಿ. ತೂಕದ ಜೊತೆ ಎಣಿಕೆಯನ್ನೂ ಬರೆಯಿರಿ. ಬರೀ ತೂಕ ನೋಡಿದರೆ ಉಳಿದ ಊಟವೇ ಎಲ್ಲವನ್ನೂ ಮುಚ್ಚಿಹಾಕುತ್ತದೆ, ನಾಲ್ಕು ಚಾರ್ಜರ್, ಎರಡು ಬ್ಯಾಗು ಲೆಕ್ಕಕ್ಕೇ ಬರುವುದಿಲ್ಲ. ಇದೇ ಕೆಲಸವನ್ನು ಹಾಸ್ಟೆಲ್ ಖಾಲಿಮಾಡುವ ವಾರದಲ್ಲಿ ಇನ್ನೊಮ್ಮೆ ಮಾಡಿ. ಎರಡು ಪಟ್ಟಿ ಬೇರೆಯೇ ಇರುತ್ತವೆ.

ಬ್ಯಾಗಿನ ಜಿಪ್ ಕೆಟ್ಟಿತೆಂದರೆ ಹೆಚ್ಚಾಗಿ ಕೆಟ್ಟಿರುವುದು ಹಲ್ಲುಗಳ ಮೇಲೆ ಜಾರುವ ಸ್ಲೈಡರ್ ಮಾತ್ರ. ಅದರ ಎರಡು ತಟ್ಟೆಗಳು ಸವೆದು ಅಗಲವಾದಾಗ ಹಲ್ಲುಗಳು ಕೂಡಿಕೊಳ್ಳುವುದಿಲ್ಲ. ಜಿಪ್ ಹಾಕುವಾಗ ಹಲ್ಲುಗಳು ಕೂಡಿ ಹೊರಬರುವ ತುದಿಯನ್ನು ಎರಡೂ ಬದಿಯಲ್ಲಿ ಇಕ್ಕಳದಿಂದ ಸ್ವಲ್ಪ ಸ್ವಲ್ಪವೇ ಒತ್ತಿ. ಅವಸರಪಟ್ಟರೆ ಎರಕದ ಲೋಹ ಬಿರುಕುಬಿಡುತ್ತದೆ. ಬದಲಿಸಲೇಬೇಕಾದರೆ ಹಿಂಬದಿಯಲ್ಲಿ 3, 5, 8 ಅಥವಾ 10 ಎಂದು ಅಚ್ಚಾಗಿರುವ ಸಂಖ್ಯೆ ನೋಡಿ. ಸಂಖ್ಯೆ ಒಂದೇ ಆದರೂ ನೈಲಾನ್ ಸುರುಳಿ ಜಿಪ್ಪಿನ ಸ್ಲೈಡರ್ ಲೋಹದ ಹಲ್ಲಿಗೆ ಕೂರದು.

ಇಸ್ತ್ರಿಪೆಟ್ಟಿಗೆ ಕಾಯುತ್ತಿಲ್ಲ, ವೈರ್ ಸರಿಯಿದೆ ಎಂದರೆ ಮೊದಲ ಅನುಮಾನ ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸಿನ ಮೇಲೆ. ಮಲ್ಟಿಮೀಟರಿನಲ್ಲಿ ಸುಸ್ಥಿತಿಯ ಫ್ಯೂಸ್ ಸೊನ್ನೆಯ ಹತ್ತಿರ ಓಮ್ ತೋರಿಸುತ್ತದೆ. ಮೇಲೆ ಅಚ್ಚಾಗಿರುವ ತಾಪಮಾನ, ಆಂಪಿಯರ್ ಎರಡೂ ಹೊಂದುವ ಫ್ಯೂಸನ್ನೇ ಹಾಕಬೇಕು. ಅದನ್ನು ಬೆಸುಗೆ ಹಾಕಲು ಹೋದರೆ ಕಾವು ಕಾಲಿನ ಮೂಲಕ ಒಳಗಿಳಿದು ಹೊಸ ಫ್ಯೂಸೂ ಹಾರುತ್ತದೆ, ಆಮೇಲೆ ಬೈಗುಳ ಅಂಗಡಿಯವನಿಗೆ! ಕ್ರಿಂಪ್ ತೋಳು, ಅಂದರೆ ತಂತಿಗಳನ್ನು ಕೂಡಿಸುವ ಪುಟ್ಟ ಲೋಹದ ಕೊಳವೆ, ಹಾಕಿ ಒತ್ತುವುದೇ ಸರಿ. ಕಾವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್‌ನ ಕಾಂಟಾಕ್ಟ್ ಕಚ್ಚಿಕೊಂಡಿದ್ದರಿಂದ ಫ್ಯೂಸ್ ಹೋಗಿರಬಹುದು. ಅದನ್ನು ನೋಡದೆ ಮುಚ್ಚಿದರೆ ಅದೇ ಪೆಟ್ಟಿಗೆ ಮತ್ತೆ ಮೇಜಿಗೆ ಬರುತ್ತದೆ. ಫ್ಯೂಸಿನ ಜಾಗಕ್ಕೆ ತಂತಿ ಸುತ್ತುವವರನ್ನು ಮೇಜಿನ ಹತ್ತಿರ ಬಿಡಲೇಬಾರದು.

ಮರಳಿ ಕೊಡುವ ಮುನ್ನ ಪ್ಲಗ್ಗಿನ ಅರ್ಥ್ ಪಿನ್ನಿಗೂ ಲೋಹದ ಮೈಗೂ ನಡುವೆ 1 ಓಮ್‌ಗಿಂತ ಕಡಿಮೆ ಇದೆಯೇ ನೋಡಿ. ಆಮೇಲೆ ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರ್‌ನಲ್ಲಿ ಲೈವ್ ಮತ್ತು ಮೈ ನಡುವೆ ಕನಿಷ್ಠ 1 ಮೆಗಾಓಮ್ ಬರಬೇಕು. ಮಲ್ಟಿಮೀಟರ್ ಕೆಲವೇ ವೋಲ್ಟಿನಲ್ಲಿ ಅಳೆಯುವುದರಿಂದ ದುರ್ಬಲ ಇನ್ಸುಲೇಷನ್ ಅದರ ಕಣ್ಣು ತಪ್ಪಿಸುತ್ತದೆ.

ಮೈಕ್ರೋವೇವ್ ಓವನ್ ಮುಟ್ಟಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್ ಕೊಲ್ಲುವಷ್ಟು ಚಾರ್ಜ್ ಹಿಡಿದಿಟ್ಟಿರಬಹುದು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬೇಡಿ, ಚುಚ್ಚಬೇಡಿ. ತುದಿಗಳಿಗೆ ಟೇಪ್ ಅಂಟಿಸಿ, ಒಣಮರಳಿರುವ ಲೋಹದ ಡಬ್ಬಿಯಲ್ಲಿಟ್ಟು ಇ-ತ್ಯಾಜ್ಯದವರಿಗೆ ಕೊಡಿ.

ಲ್ಯಾಬಿನ ಕಂಪ್ಯೂಟರುಗಳದ್ದು ಬೇರೆ ಕಥೆ. ದಿನಾಂಕ ಹಿಂದಕ್ಕೆ ಹೋಗಿ ಯಾವ ವೆಬ್‌ಸೈಟೂ ತೆರೆಯದಿದ್ದರೆ ನೆಟ್‌ವರ್ಕನ್ನು ದೂರುತ್ತಾರೆ. ತಪ್ಪು ಮದರ್‌ಬೋರ್ಡಿನ ಮೇಲಿರುವ ಗಡಿಯಾರ ನಡೆಸುವ 3 ವೋಲ್ಟಿನ ಸಿಆರ್2032 ಬಿಲ್ಲೆ ಬ್ಯಾಟರಿಯದ್ದು. ದೊಡ್ಡ ಹೊರೆ ಇರುವುದು ಇನ್ನೊಂದು ಕಡೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಹಳೆಯ ಯಂತ್ರಗಳಲ್ಲಿ ಹೆಚ್ಚಾಗಿ ಇಲ್ಲದ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೇಳುತ್ತದೆ. ಹೀಗಾಗಿ ಚೆನ್ನಾಗಿ ಓಡುವ ಯಂತ್ರಗಳೇ ರೈಟ್ ಆಫ್ ಪಟ್ಟಿ ಸೇರುತ್ತಿವೆ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲು ಲಿನಕ್ಸ್ ಅಳವಡಿಸಿದರೆ ಪ್ರೋಗ್ರಾಮಿಂಗ್ ತರಗತಿಗೆ, ಗ್ರಂಥಾಲಯದ ಹುಡುಕಾಟಕ್ಕೆ ಅವು ಇನ್ನೂ ಕೆಲವು ವರ್ಷ ದುಡಿಯುತ್ತವೆ. ಆದರೆ ಕೆಲವು ವಿಭಾಗಗಳ ತಂತ್ರಾಂಶ ವಿಂಡೋಸ್ ಬಿಟ್ಟು ಓಡುವುದಿಲ್ಲ. ಆ ಯಂತ್ರಗಳನ್ನು ಮೊದಲೇ ಬೇರ್ಪಡಿಸಿ.

ಮೇಜಿನ ಮೇಲೊಂದು ರಿಜಿಸ್ಟರ್ ಇರಲಿ: ವಸ್ತು, ಮಾದರಿ, ದೋಷ, ಹಾಕಿದ ಭಾಗ, ಫಲಿತಾಂಶ. ಸರಿಯಾಗಿದ್ದಕ್ಕಿಂತ ಸರಿಯಾಗದ್ದರ ಸಾಲುಗಳಿಗೇ ಬೆಲೆ ಹೆಚ್ಚು. ಅಂಟು ಹಾಕಿ ಮುಚ್ಚಿದ್ದು, ಸ್ಕ್ರೂ ಇಲ್ಲದ್ದು, ಬಿಡಿಭಾಗ ಸಿಗದ್ದು ಎಂದು ಕಾರಣ ಬರೆದಿಡಿ. ಮುಂದಿನ ಟೆಂಡರಿಗೆ ಮುನ್ನ ಆ ಹಾಳೆಗಳ ಪ್ರತಿ ಖರೀದಿ ಸಮಿತಿಗೆ ಹೋಗಬೇಕು. ನೂರಾರು ಕುರ್ಚಿ ಒಟ್ಟಿಗೆ ಕೊಳ್ಳುವ ಸಂಸ್ಥೆ ಚಕ್ರದ ಅಳತೆಯನ್ನೂ ಬಿಡಿಭಾಗ ಪೂರೈಕೆಯ ವರ್ಷಗಳನ್ನೂ ಷರತ್ತಾಗಿ ಬರೆಯಬಹುದು, ಒಬ್ಬ ವಿದ್ಯಾರ್ಥಿ ಬರೆಯಲಾರ.