ಪದ ಪರಿಚಯ: ಎಲ್ಲರನ್ನೂ ಒಳಗೊಂಡ ರಾಷ್ಟ್ರೀಯ ಯುವ ನೀತಿ

ಯುವಜನರ ಶಿಕ್ಷಣ, ಉದ್ಯೋಗ, ಆರೋಗ್ಯ, ರಾಜಕೀಯ ಪಾಲ್ಗೊಳ್ಳುವಿಕೆ ಮುಂತಾದ ವಿಷಯಗಳಲ್ಲಿ ಸರ್ಕಾರವು ಮುಂದಿನ ಕೆಲವು ವರ್ಷ ಏನು ಮಾಡಲಿದೆ, ಯಾವ ಇಲಾಖೆ ಯಾವ ಹೊಣೆ ಹೊರಬೇಕು, ಅದಕ್ಕೆ ಹಣ ಎಲ್ಲಿಂದ ಬರಬೇಕು ಎಂಬುದನ್ನು ಒಂದೆಡೆ ಬರೆದಿಟ್ಟ ದಾಖಲೆಯೇ ರಾಷ್ಟ್ರೀಯ ಯುವ ನೀತಿ. ಇದು ತಾನಾಗಿಯೇ ಕಾಯ್ದೆಯಲ್ಲ. ಇಲಾಖೆಗಳು ತಮ್ಮ ಯೋಜನೆಗಳನ್ನು ರೂಪಿಸುವಾಗ ಮುಂದಿಟ್ಟುಕೊಳ್ಳಬೇಕಾದ ದಿಕ್ಸೂಚಿ. ಇದಕ್ಕೆ ‘ಎಲ್ಲರನ್ನೂ ಒಳಗೊಂಡ’ ಎಂಬ ವಿಶೇಷಣ ಸೇರಿದಾಗ, ರಾಜಧಾನಿಯಲ್ಲಿರುವ ಓದಿದ, ಸಂಘಟಿತರಾದ ಯುವಕರ ಜೊತೆಗೆ ಸಭೆಗೆ ಬರಲಾರದ ಯುವಜನರ ಮಾತೂ ನೀತಿಯಲ್ಲಿ ಇರಬೇಕು ಎಂಬ ಷರತ್ತು ಸೇರುತ್ತದೆ. ಈ ಷರತ್ತು ಎಷ್ಟು ಕಠಿಣ ಎಂಬುದನ್ನು ತಿಳಿಯಲು ದಕ್ಷಿಣ ಸುಡಾನ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

2011ರ ಜುಲೈ 9ರಂದು ಸುಡಾನಿನಿಂದ ಬೇರ್ಪಟ್ಟು ಸ್ವತಂತ್ರವಾದ ಈ ದೇಶ ಎರಡು ಅರ್ಥದಲ್ಲಿ ಎಳೆಯದು. ಸ್ವಾತಂತ್ರ್ಯಕ್ಕೆ ಮುನ್ನ 2008ರಲ್ಲಿ ನಡೆದ ಜನಗಣತಿಯ ಪ್ರಕಾರ ಅಲ್ಲಿನ ಜನರಲ್ಲಿ ಶೇ 72ರಷ್ಟು ಮಂದಿ 30 ವರ್ಷದೊಳಗಿನವರು; ಶೇ 83ರಷ್ಟು ಮಂದಿ ಗ್ರಾಮವಾಸಿಗಳು. 2013ರ ಡಿಸೆಂಬರಿನಲ್ಲಿ ಆರಂಭವಾದ ಅಂತರ್ಯುದ್ಧವು ಲಕ್ಷಾಂತರ ಜನರನ್ನು ಊರು ಬಿಡಿಸಿತು.

ಆಫ್ರಿಕಾದ ದೇಶಗಳಿಗೆ ಈ ವಿಷಯದಲ್ಲಿ ಒಂದು ಸಾಮಾನ್ಯ ಅಳತೆಗೋಲು ಇದೆ. ಆಫ್ರಿಕಾ ಒಕ್ಕೂಟವು 2006ರಲ್ಲಿ ಗ್ಯಾಂಬಿಯಾದ ಬಾಂಜುಲ್‌ನಲ್ಲಿ ಅಂಗೀಕರಿಸಿದ, 2009ರಲ್ಲಿ ಜಾರಿಗೆ ಬಂದ ಆಫ್ರಿಕಾ ಯುವ ಸನ್ನದಿನ 12ನೇ ವಿಧಿಯು ಸದಸ್ಯ ದೇಶಗಳು ಸಮಗ್ರ ಯುವ ನೀತಿಯನ್ನು ರೂಪಿಸಬೇಕು ಎನ್ನುತ್ತದೆ. ಅದಕ್ಕೂ ಮುನ್ನ ಯುವಜನರ ಸ್ಥಿತಿಗತಿಯ ಅಧ್ಯಯನ ಆಗಿರಬೇಕು, ಅವರೊಂದಿಗೆ ವಿಸ್ತೃತ ಸಮಾಲೋಚನೆ ನಡೆದಿರಬೇಕು, ನೀತಿಯನ್ನು ಸಂಸತ್ತು ಒಪ್ಪಬೇಕು, ಕಾಲಮಿತಿಯ ಕಾರ್ಯಕ್ರಮವೂ ಹಣವೂ ಜೊತೆಗಿರಬೇಕು ಎಂಬುದು ಅದರ ಅಪೇಕ್ಷೆ. ಬೇಡಿಕೆಯೇನೋ ಸ್ಪಷ್ಟವಾಗಿದೆ. ತೊಡಕು ಶುರುವಾಗುವುದು ಯುವಜನರು ಎಂದರೆ ಯಾರು ಎಂಬಲ್ಲಿ.

ಸನ್ನದಿನ ಪ್ರಕಾರ 15ರಿಂದ 35 ವರ್ಷದವರು ಯುವಜನರು. ವಿಶ್ವಸಂಸ್ಥೆ ತನ್ನ ಅಂಕಿಅಂಶಗಳಿಗೆ 15ರಿಂದ 24 ಎಂದು ಎಣಿಸುತ್ತದೆ. ಯುವಜನ ಮತ್ತು ಶಾಂತಿಯನ್ನು ಕುರಿತ ಭದ್ರತಾ ಮಂಡಳಿಯ 2015ರ ನಿರ್ಣಯ 2250 ಅದನ್ನು 18ರಿಂದ 29 ಎನ್ನುತ್ತದೆ. ನಮ್ಮಲ್ಲೂ 2003ರ ರಾಷ್ಟ್ರೀಯ ಯುವ ನೀತಿ 13ರಿಂದ 35 ಎಂದಿದ್ದನ್ನು 2014ರ ನೀತಿ 15ರಿಂದ 29ಕ್ಕೆ ಇಳಿಸಿತು. ಹಳ್ಳಿಯ ಲೆಕ್ಕವಂತೂ ಇದಾವುದಕ್ಕೂ ಹೊಂದುವುದಿಲ್ಲ. ದಕ್ಷಿಣ ಸುಡಾನಿನ ಪೂರ್ವ ಇಕ್ವಟೋರಿಯಾದ ಲೋಟುಕೊ ಮತ್ತು ನೆರೆಯ ಸಮುದಾಯಗಳಲ್ಲಿ ಊರಿನ ರಕ್ಷಣೆ, ನ್ಯಾಯ ಪಂಚಾಯಿತಿಗಳನ್ನು ನೋಡಿಕೊಳ್ಳುವುದು ‘ಮೊನ್ಯೊಮಿಜಿ’ ಎಂಬ ಅಧಿಕಾರಸ್ಥ ಪೀಳಿಗೆ. ಹಲವು ವರ್ಷಗಳಿಗೊಮ್ಮೆ ವಿಧಿಪೂರ್ವಕವಾಗಿ ಒಂದು ಪೀಳಿಗೆ ಮತ್ತೊಂದಕ್ಕೆ ಒಟ್ಟಾಗಿ ಅಧಿಕಾರ ಬಿಟ್ಟುಕೊಡುತ್ತದೆ. ಹುಟ್ಟಿದ ವರ್ಷಕ್ಕಿಂತ ಯಾವ ಪೀಳಿಗೆಗೆ ಸೇರಿದವನು ಎಂಬುದೇ ಅಲ್ಲಿ ಮುಖ್ಯ. ಇನ್ನು ಹುಡುಗಿಯರ ಸ್ಥಿತಿ ಬೇರೆಯೇ. ದಕ್ಷಿಣ ಸುಡಾನಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹುಡುಗಿಯರಿಗೆ 18 ತುಂಬುವ ಮೊದಲೇ ಮದುವೆಯಾಗುತ್ತದೆ. ಮದುವೆಯಾದವಳನ್ನು ಊರು ಹೆಂಗಸೆಂದೇ ಕಾಣುತ್ತದೆ. ಯುವಜನರ ಸಭೆ ಎಂದು ಕರೆದರೆ ಹದಿನೇಳರ ಬಾಣಂತಿ ಅದು ತನ್ನನ್ನು ಕರೆದದ್ದೆಂದು ಭಾವಿಸುವುದಿಲ್ಲ, ಬರುವವರು ಗಂಡುಹುಡುಗರು. ಹೀಗಾಗಿ ನೀತಿಯ ಮೊದಲ ಪುಟದ ವ್ಯಾಖ್ಯೆಯಲ್ಲಿ ಅವಳು ಇದ್ದರೂ ಅದನ್ನು ಬರೆಯಿಸುವ ಕೋಣೆಯಲ್ಲಿ ಇರುವುದಿಲ್ಲ. ಹೊರಗುಳಿಯುವಿಕೆ ಬಹುಪಾಲು ನಡೆಯುವುದು ಹೀಗೆ, ಯಾರ ದುರುದ್ದೇಶವೂ ಇಲ್ಲದೆ.

ಗಂಡುಹುಡುಗರನ್ನಾದರೂ ಸುಲಭವಾಗಿ ತಲುಪಬಹುದೇ? ಡಿಂಕಾ, ನುಯೆರ್ ಮುಂತಾದ ಪಶುಪಾಲಕ ಸಮುದಾಯಗಳ ತರುಣರು ಒಣ ಋತುವಿನಲ್ಲಿ ದನಗಳೊಂದಿಗೆ ನೈಲ್ ನದಿಯ ಜೌಗು ಹುಲ್ಲುಗಾವಲಿಗೆ ಹೋಗಿ ಶಿಬಿರಗಳಲ್ಲಿ ಇರುತ್ತಾರೆ. ಮಳೆ ಬಂದಾಗ ಹಳ್ಳಿಗೆ ಮರಳುತ್ತಾರೆ, ಆದರೆ ಆಗ ಮಣ್ಣಿನ ರಸ್ತೆಗಳು ಕೆಸರಾಗಿ ರಾಜಧಾನಿ ಜುಬಾದಿಂದ ಅಧಿಕಾರಿಗಳ ವಾಹನ ಹೋಗುವಂತಿರುವುದಿಲ್ಲ. ಅಧಿಕಾರಿ ಹೋಗಬಲ್ಲ ತಿಂಗಳಲ್ಲಿ ಹುಡುಗ ಊರಲ್ಲಿಲ್ಲ, ಹುಡುಗ ಊರಲ್ಲಿರುವ ತಿಂಗಳಲ್ಲಿ ದಾರಿಯಿಲ್ಲ. ಆದ್ದರಿಂದ ಸಮಾಲೋಚನೆಯ ವೇಳಾಪಟ್ಟಿಯನ್ನು ಮಳೆಗಾಲ ಮತ್ತು ಮೇವಿನ ಲೆಕ್ಕ ನೋಡಿ ಹಾಕಿ, ಶಿಬಿರಕ್ಕೇ ಹೋಗಿ, ಹಲವು ಸಮುದಾಯಗಳ ನಡುವಿನ ಸಂಪರ್ಕ ಭಾಷೆಯಾದ ಜುಬಾ ಅರೇಬಿಕ್‌ನಲ್ಲೋ ಆಯಾ ಸಮುದಾಯದ ನುಡಿಯಲ್ಲೋ ಮಾತಾಡಿಸಬೇಕಾಗುತ್ತದೆ. ಆಡಳಿತ ಭಾಷೆಯಾದ ಇಂಗ್ಲಿಷಿನ ಪ್ರಶ್ನಾವಳಿ ಅಲ್ಲಿ ನಡೆಯದು. ಇದು ದುಬಾರಿ, ನಿಧಾನ. ಆದರೆ ವಧುವಿನ ಮನೆಗೆ ವರನ ಕಡೆಯವರು ದನಗಳ ರೂಪದಲ್ಲೇ ತೆರ (ವಧುದಕ್ಷಿಣೆ) ಕೊಡಬೇಕಾದ ಸಮಾಜದಲ್ಲಿ, ತೆರ ಏರಿದಂತೆ ಬಡ ಹುಡುಗ ನೆರೆಯವರ ದನಗಳ ಮೇಲೆ ದಾಳಿಗೆ ಇಳಿಯುವುದು ಏಕೆ ಎಂಬುದನ್ನು ವಿವರಿಸಬಲ್ಲವರು ಆ ಶಿಬಿರದವರೇ. ಅವರನ್ನು ಕೇಳದೆ ಬರೆದ ಉದ್ಯೋಗ ಅಧ್ಯಾಯ ಬರಿಯ ನಗರದ ತರಬೇತಿ ಕೇಂದ್ರಗಳ ಪಟ್ಟಿಯಾಗಿಬಿಡುತ್ತದೆ.

ಗಡಿಯಾಚೆಯವರ ಪ್ರಶ್ನೆಯೂ ಇದೆ. ಉಗಾಂಡಾ, ಇಥಿಯೋಪಿಯಾ, ಕೆನ್ಯಾಗಳ ನಿರಾಶ್ರಿತರ ನೆಲೆಗಳಲ್ಲಿ ಬೆಳೆದ ಯುವಜನರು ಬೇರೆ ದೇಶದ ಪಠ್ಯಕ್ರಮದಲ್ಲಿ ಓದಿದವರು. ಅವರ ಪ್ರಮಾಣಪತ್ರಗಳಿಗೆ ಮರಳಿ ಬಂದಾಗ ಏನು ಬೆಲೆ ಎಂಬುದು ನೀತಿಯಲ್ಲಿ ಇರಬೇಕು. ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರ ಹಾಗೂ ಇತರ ಅಂಗವಿಕಲ ಯುವಜನರ ಬಗ್ಗೆ ಸನ್ನದಿನಲ್ಲೇ ಪ್ರತ್ಯೇಕ ವಿಧಿಯಿದೆ.

2018ರ ಸೆಪ್ಟೆಂಬರಿನಲ್ಲಿ ಸಹಿಯಾದ ಶಾಂತಿ ಒಪ್ಪಂದವು ಮಹಿಳೆಯರಿಗೆ ಆಡಳಿತದಲ್ಲಿ ಶೇ 35ರಷ್ಟು ಪಾಲು ಇರಬೇಕು ಎಂದಿತು. ಯುವಜನ ಸಚಿವರು 40 ವರ್ಷದೊಳಗಿನವರಾಗಿರಬೇಕು ಎಂದೂ ಹೇಳಿತು. ಸ್ವಾಗತಾರ್ಹವೇ. ಆದರೆ ಪ್ರಾತಿನಿಧ್ಯಕ್ಕಿಂತ ದೊಡ್ಡ ಅಡ್ಡಿ ಬೊಕ್ಕಸದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಸರ್ಕಾರದ ವರಮಾನದ ಬಹುಪಾಲು ಕಚ್ಚಾ ತೈಲದಿಂದ ಬರುತ್ತದೆ, ಆ ತೈಲ ಸುಡಾನಿನ ಮೂಲಕ ಹಾಯುವ ಕೊಳವೆಗಳಲ್ಲಿ ಬಂದರಿಗೆ ಹೋಗುತ್ತದೆ. 2024ರಲ್ಲಿ ಸುಡಾನಿನ ಯುದ್ಧದ ನಡುವೆ ಮುಖ್ಯ ಕೊಳವೆಮಾರ್ಗ ಒಡೆದು ರಫ್ತು ಕುಸಿದಾಗ ಸರ್ಕಾರಿ ನೌಕರರಿಗೆ ತಿಂಗಳುಗಟ್ಟಲೆ ಸಂಬಳವಾಗಲಿಲ್ಲ. ಇಂಥ ಬೊಕ್ಕಸವನ್ನು ನೆಚ್ಚಿದ ಯುವ ನೀತಿಯು, ಹಣ ಅರ್ಧಕ್ಕೆ ಇಳಿದರೆ ಯಾವ ಕೆಲಸವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಮುಂದೂಡಬಹುದು ಎಂಬುದನ್ನೂ ಮೊದಲೇ ಬರೆದಿಡಬೇಕು. ಇಲ್ಲವಾದರೆ ಕಡಿತ ಬಂದಾಗ ಮೊದಲು ನಿಲ್ಲುವುದು ತಲುಪಲು ಹೆಚ್ಚು ಖರ್ಚಾಗುವ ದನದ ಶಿಬಿರ ಮತ್ತು ಗಡಿ ಜಿಲ್ಲೆಗಳ ಕೆಲಸವೇ.